ಪುಕ್ಕಟೆ ಕೊಟ್ಟರೂ ಬೇಡವಾದ ಚಿಪ್ಪು

ಹತ್ತು ಲಕ್ಷ ಪ್ರೊಸೆಸರುಗಳನ್ನ ಪುಕ್ಕಟೆ ಕೊಡ್ತೀವಿ, ತೊಗೊಳ್ಳಿ ಅಂತ ಒಂದು ಕಂಪನಿ ಇನ್ನೊಂದು ಕಂಪನಿಯ ಬಾಗಿಲಿಗೆ ಹೋಗುತ್ತೆ. ಕಳಪೆ ಮಾಲೇನಲ್ಲ. ಆ ಇನ್ನೊಂದು ಕಂಪನಿ ವರ್ಷಕ್ಕೆ ಲಕ್ಷಗಟ್ಟಲೆ ಕಂಪ್ಯೂಟರ್ ಮಾಡಿ ಮಾರೋ ಕಂಪನಿ, ಪ್ರೊಸೆಸರ್ ಇಲ್ಲದೆ ಅದರ ದಿನ ಬೆಳಗಾಗೋದೇ ಇಲ್ಲ. ಆದ್ರೂ ಅದು 1,60,000 ಮಾತ್ರ ಇಟ್ಕೊಂಡು ಉಳಿದ 8,40,000 ಬೇಡ ಅನ್ನುತ್ತೆ.

ಬಿಟ್ಟಿ ಸಿಕ್ಕಿದ್ರೆ ನಂಗೊಂದು ನಮ್ಮಪ್ಪಂಗೊಂದು ಅನ್ನೋ ಊರಿನವರು ನಾವು. ನಮಗೆ ಇದು ಶುದ್ಧ ಹುಚ್ಚಾಟ ಅನ್ಸುತ್ತೆ. ಆದ್ರೆ ಬೇಡ ಅಂದವರಿಗೆ ಹುಚ್ಚೇನೂ ಇರಲಿಲ್ಲ, ಲೆಕ್ಕ ಚೆನ್ನಾಗೇ ಗೊತ್ತಿತ್ತು. ಆ ಲೆಕ್ಕ ಏನು, ಅದರಿಂದ ಯಾರು ಏನು ಕಳ್ಕೊಂಡ್ರು ಅನ್ನೋದನ್ನ ಬರೀಬೇಕು ಅಂತ ತುಂಬಾ ದಿನದಿಂದ ಅಂದ್ಕೊಳ್ತಿದ್ದೆ. ಸ್ವಲ್ಪ ಉದ್ದ ಆಗುತ್ತೆ, ಕಾಫಿ ತಂದಿಟ್ಕೊಳ್ಳಿ :-)

ಕೊಡೋಕೆ ಹೋದದ್ದು ಎಎಂಡಿ. ಬೇಡ ಅಂದದ್ದು ಎಚ್‌ಪಿ. 2005ರ ಜೂನ್ 27ರಂದು ಎಎಂಡಿ ಅಮೆರಿಕದ ಡೆಲವೇರ್ ರಾಜ್ಯದ ಫೆಡರಲ್ ಕೋರ್ಟಿನಲ್ಲಿ ಇಂಟೆಲ್ ಮೇಲೆ ಕೇಸು ಹಾಕಿತು. ಆ ದೂರಿನಲ್ಲಿ ಈ ಕತೆ ಇದೆ. ದೂರು ಕೊಟ್ಟವನ ಮಾತನ್ನ ಪೂರ್ತಿ ನಂಬೋದು ಹೇಗೆ ಅಂತೀರಾ? ನ್ಯಾಯವಾದ ಪ್ರಶ್ನೆ. 2009ರಲ್ಲಿ ಯುರೋಪಿಯನ್ ಕಮಿಷನ್ ಇಂಟೆಲ್‌ಗೆ ದಂಡ ಹಾಕಿದಾಗ, ಕಂಪನಿಯ ಹೆಸರು ಹೇಳದೆ ಇದೇ ಉದಾಹರಣೆ ಕೊಟ್ಟಿತ್ತು. ಅಂಕಿಗಳೂ ಇವೇ.

ಲೆಕ್ಕಕ್ಕೆ ಬರೋಣ. ನಿಮ್ಮ ಬೀದಿ ಕೊನೆಯ ಬೇಕರಿಯಲ್ಲಿ ಕೂಲ್ ಡ್ರಿಂಕ್ಸ್ ಕಂಪನಿಯವರು ಕೊಟ್ಟ ಗಾಜಿನ ಬಾಗಿಲಿನ ಫ್ರಿಜ್ಜು ಇರುತ್ತೆ ನೋಡಿ. ಫ್ರಿಜ್ಜು ಬಿಟ್ಟಿ. ಆದ್ರೆ ಅದರೊಳಗೆ ಬೇರೆ ಕಂಪನಿಯ ಬಾಟಲಿ ಇಡೋ ಹಾಗಿಲ್ಲ ಅಂತ ಷರತ್ತು ಅಂದ್ಕೊಳ್ಳಿ. ಊರಿನ ಸೋಡಾ ಫ್ಯಾಕ್ಟರಿಯವನು ಬಂದು "ಅಣ್ಣಾ, ಎರಡು ಕ್ರೇಟ್ ಗೋಲಿ ಸೋಡಾ ಬಿಟ್ಟಿ ಕೊಡ್ತೀನಿ, ಇಟ್ಕೋ" ಅಂದ್ರೂ ಬೇಕರಿಯವನು ತಲೆ ಕೆರ್ಕೋತಾನೆ. ಎರಡು ಕ್ರೇಟ್ ಸೋಡಾದ ಆಸೆಗೆ ಫ್ರಿಜ್ಜು ಕಳ್ಕೊಳ್ಳೋದಾ?

ಈಗ ಫ್ರಿಜ್ಜಿನ ಜಾಗದಲ್ಲಿ ರಿಬೇಟು ಇಡಿ. ಒಂದು ಪಿಸಿ ಕಂಪನಿಗೆ 100 ಪ್ರೊಸೆಸರ್ ಬೇಕು. ಅದರಲ್ಲಿ 80ನ್ನ ದೊಡ್ಡ ಕಂಪನಿಯಿಂದಲೇ ತೊಗೋಬೇಕು, ಬೇರೆ ದಾರಿಯಿಲ್ಲ. ಯಾಕಂದ್ರೆ ಗಿರಾಕಿಗಳು ಆ ಹೆಸರನ್ನೇ ಕೇಳ್ತಾರೆ, ಮತ್ತೆ ಸಣ್ಣ ಕಂಪನಿಯ ಫ್ಯಾಕ್ಟರಿಗೆ ಅಷ್ಟೊಂದು ಮಾಡಿಕೊಡೋ ಶಕ್ತಿಯೂ ಇಲ್ಲ. ಅಂದ್ರೆ ನಿಜವಾದ ಪೈಪೋಟಿ ಇರೋದು ಉಳಿದ 20ಕ್ಕೆ ಮಾತ್ರ. ದೊಡ್ಡ ಕಂಪನಿಯ ಚಿಪ್ಪಿಗೆ ತಲಾ 5,000 ರೂಪಾಯಿ ಅಂತಿಟ್ಕೊಳ್ಳಿ. ಅದು ಹೇಳುತ್ತೆ: ನೂರಕ್ಕೆ ನೂರನ್ನೂ ನನ್ನ ಹತ್ರವೇ ತೊಗೊಂಡ್ರೆ ಎಲ್ಲದರ ಮೇಲೂ ಶೇ. 20 ರಿಬೇಟು. ಆಗ ಒಟ್ಟು ಖರ್ಚು 4,00,000 ರೂಪಾಯಿ. ಬೇಡಪ್ಪಾ, 80 ಮಾತ್ರ ನಿನ್ನ ಹತ್ರ, 20 ಅವನ ಹತ್ರ ಅಂದ್ರೆ ರಿಬೇಟು ಪೂರ್ತಿ ಹೋಯ್ತು. 80 ಚಿಪ್ಪಿಗೆ ತಲಾ 5,000ದ ಹಾಗೆ ಎಷ್ಟಾಯ್ತು? ಅದೇ 4,00,000.

ಇನ್ನೊಮ್ಮೆ ನೋಡಿ. ನೂರು ತೊಗೊಂಡ್ರೂ ನಾಲ್ಕು ಲಕ್ಷ, ಎಂಬತ್ತು ತೊಗೊಂಡ್ರೂ ನಾಲ್ಕು ಲಕ್ಷ. ಹಾಗಾದ್ರೆ ಸಣ್ಣ ಕಂಪನಿ ತನ್ನ 20 ಚಿಪ್ಪನ್ನ ಎಷ್ಟಕ್ಕೆ ಮಾರಬೇಕು? ಸೊನ್ನೆ ರೂಪಾಯಿಗೆ. ಪುಕ್ಕಟೆ ಕೊಟ್ರೂ ಕೊಳ್ಳೋನಿಗೆ ಒಂದು ಪೈಸೆ ಉಳಿತಾಯ ಇಲ್ಲ. ರಿಬೇಟು ಇನ್ನೂ ಸ್ವಲ್ಪ ಜಾಸ್ತಿ ಆದ್ರೆ, ಪುಕ್ಕಟೆ ಕೊಟ್ಟು ಮೇಲೆ ದುಡ್ಡನ್ನೂ ಕೊಡಬೇಕು.

ಈ ಅಂಕಿಗಳು ಲೆಕ್ಕ ತೋರಿಸೋಕೆ ನಾನು ಹಾಕ್ಕೊಂಡಿದ್ದು. ಆದ್ರೆ ಎಚ್‌ಪಿ ಕತೆಯ ಒಳಗಿದ್ದದ್ದು ಇದೇ ಜಾತಿಯ ಲೆಕ್ಕ. ತನ್ನ ಬಿಸಿನೆಸ್ ಡೆಸ್ಕ್‌ಟಾಪ್‌ಗಳಲ್ಲಿ ಕನಿಷ್ಠ ಶೇ. 95ರಷ್ಟಕ್ಕೆ ಇಂಟೆಲ್ ಚಿಪ್ಪನ್ನೇ ಹಾಕಬೇಕು ಅನ್ನೋ ಷರತ್ತಿನ ಮೇಲೆ ಎಚ್‌ಪಿಗೆ ರಿಬೇಟು ಸಿಗ್ತಿತ್ತು ಅಂತ ಯುರೋಪಿಯನ್ ಕಮಿಷನ್ ಹೇಳಿತ್ತು. ಹತ್ತು ಲಕ್ಷ ಬಿಟ್ಟಿ ಚಿಪ್ಪು ಒಳಗೆ ಬಂದ್ರೆ, ಉಳಿದ ಎಷ್ಟೋ ಲಕ್ಷ ಚಿಪ್ಪುಗಳ ಮೇಲಿನ ರಿಬೇಟು ಹೊರಗೆ ಹೋಗುತ್ತೆ!

ರಿಯಾಯಿತಿ ಕೊಡೋದು ತಪ್ಪಾ ಅಂತ ಕೇಳಬಹುದು. ಖಂಡಿತಾ ತಪ್ಪಲ್ಲ. ಜಾಸ್ತಿ ಕೊಂಡವರಿಗೆ ಕಡಿಮೆ ಬೆಲೆ ಅನ್ನೋದು ಸಂತೆಯಿಂದ ಮಾಲ್ ತನಕ ಇರೋ ನಿಯಮ. ಆದ್ರೆ "ಜಾಸ್ತಿ ತೊಗೊಂಡ್ರೆ ಕಡಿಮೆ ಮಾಡ್ತೀನಿ" ಅನ್ನೋದಕ್ಕೂ "ಅವನ ಹತ್ರ ತೊಗೊಳ್ಳದೇ ಇದ್ರೆ ಕಡಿಮೆ ಮಾಡ್ತೀನಿ" ಅನ್ನೋದಕ್ಕೂ ವ್ಯತ್ಯಾಸ ಇದೆ. ಮೊದಲನೇದು ನನ್ನ ಮಾಲಿನ ಬೆಲೆ. ಎರಡನೇದು ಪಕ್ಕದವನ ಅಂಗಡಿ ಬಾಗಿಲಿಗೆ ಹಾಕೋ ಬೀಗದ ಬೆಲೆ.

ಇದೆಲ್ಲಾ ನಡೆದ ಕಾಲ ಯಾವುದು ಅನ್ನೋದು ಮುಖ್ಯ. ಎಎಂಡಿ ಇಂಟೆಲ್‌ನ ನೆರಳಲ್ಲಿ ಬೆಳೆದ ಕಂಪನಿ. ಐಬಿಎಂ ತನ್ನ ಪಿಸಿಗೆ ಇಂಟೆಲ್ ಚಿಪ್ಪು ಆರಿಸಿಕೊಂಡಾಗ, ಒಬ್ಬನನ್ನೇ ನಂಬಿ ಕೂರೋಕಾಗಲ್ಲ, ಅದೇ ಚಿಪ್ಪು ಮಾಡೋಕೆ ಎರಡನೆಯವನೂ ಇರಬೇಕು ಅಂತ ಹಟ ಹಿಡೀತು. ಹಾಗಾಗಿ 1982ರಲ್ಲಿ ಇಂಟೆಲ್ ಮತ್ತು ಎಎಂಡಿ ನಡುವೆ ಒಪ್ಪಂದ ಆಯ್ತು. ಆಮೇಲೆ 386ರ ವಿನ್ಯಾಸ ಕೊಡೋಕೆ ಇಂಟೆಲ್ ಒಲ್ಲೆ ಅಂದಿದ್ದು, ಎಎಂಡಿ ತಾನೇ ತಿಣುಕಾಡಿ 1991ರಲ್ಲಿ ತನ್ನ 386 ತಂದಿದ್ದು, ಕೋರ್ಟು ಜಗಳ 90ರ ದಶಕದ ಮಧ್ಯದವರೆಗೂ ನಡೆದದ್ದು, ಎಲ್ಲಾ ಹಳೇ ಪುರಾಣ. ಅಲ್ಲಿಯವರೆಗೂ ಎಎಂಡಿ ಅಂದ್ರೆ "ಕಡಿಮೆ ಬೆಲೆಗೆ ಸಿಗೋ ಇನ್ನೊಂದು".

2003ರಲ್ಲಿ ಲೆಕ್ಕ ತಿರುಗಿತು. 64 ಬಿಟ್ ಕಂಪ್ಯೂಟಿಂಗ್‌ಗೆ ಇಂಟೆಲ್ ಇಟೇನಿಯಮ್ ಅನ್ನೋ ಪೂರ್ತಿ ಹೊಸ ದಾರಿ ಹಿಡಿದಿತ್ತು, ಹಳೇ ಪ್ರೋಗ್ರಾಮುಗಳು ಅದರ ಮೇಲೆ ಕುಂಟ್ತಿದ್ವು. ಎಎಂಡಿ ಹಳೇ ಎಕ್ಸ್86ನ್ನೇ 64 ಬಿಟ್‌ಗೆ ಬೆಳೆಸಿ ಏಪ್ರಿಲ್‌ನಲ್ಲಿ ಆಪ್ಟೆರಾನ್, ಸೆಪ್ಟೆಂಬರ್‌ನಲ್ಲಿ ಅಥ್ಲಾನ್ 64 ತಂತು. ಹಳೇದೂ ಓಡುತ್ತೆ, ಹೊಸದೂ ಓಡುತ್ತೆ. ಮಾರನೇ ವರ್ಷ, 2004ರಲ್ಲಿ, ಇಂಟೆಲ್ ತಾನೇ ಆ ದಾರಿಗೆ ಬರಬೇಕಾಯ್ತು. ನೀವು ಇಂಟೆಲ್ ಲ್ಯಾಪ್‌ಟಾಪ್‌ಗೆ ಉಬುಂಟು ಇಳಿಸಿಕೊಂಡ್ರೂ ಫೈಲಿನ ಹೆಸರಲ್ಲಿ "ಎಎಂಡಿ64" ಅಂತ ಇರುತ್ತಲ್ಲ, ಅದು ಈ ಗೆಲುವಿನ ಗುರುತು.

ಅಂದ್ರೆ ಆ ಎರಡು ಮೂರು ವರ್ಷ ಒಳ್ಳೇ ಚಿಪ್ಪು ಸಣ್ಣವನ ಕೈಲಿತ್ತು. ಪಾಠದ ಪುಸ್ತಕದ ಪ್ರಕಾರ ಅವನ ಮಾರುಕಟ್ಟೆ ಪಾಲು ಧಡಧಡ ಏರಬೇಕಿತ್ತು. ಜಪಾನಿನಲ್ಲಿ ಏನಾಯ್ತು ನೋಡಿ. ಅಲ್ಲಿನ ಫೇರ್ ಟ್ರೇಡ್ ಕಮಿಷನ್ 2004ರ ಏಪ್ರಿಲ್‌ನಲ್ಲಿ ಇಂಟೆಲ್‌ನ ಜಪಾನ್ ಕಚೇರಿಗಳಿಗೆ ದಾಳಿ ಇಟ್ಟು, 2005ರ ಮಾರ್ಚ್‌ನಲ್ಲಿ ತನ್ನ ತೀರ್ಮಾನ ಹೇಳಿತು. ಐದು ಜಪಾನಿ ಪಿಸಿ ಕಂಪನಿಗಳಿಗೆ, ಪ್ರತಿಸ್ಪರ್ಧಿಗಳ ಚಿಪ್ಪು ಹಾಕಬಾರದು ಅಥವಾ ಶೇ. 10 ದಾಟಬಾರದು ಅನ್ನೋ ಥರದ ಷರತ್ತಿನ ಮೇಲೆ ರಿಬೇಟು ಹೋಗ್ತಿತ್ತು ಅಂತ. ಇಂಟೆಲ್‌ನ ಎದುರಾಳಿಗಳ ಒಟ್ಟು ಪಾಲು 2002ರಲ್ಲಿ ಸುಮಾರು ಶೇ. 24 ಇದ್ದದ್ದು 2003ರಲ್ಲಿ ಸುಮಾರು ಶೇ. 11ಕ್ಕೆ ಇಳಿದಿತ್ತು. ಮಾಲು ಮೇಲೇರ್ತಿದೆ, ಪಾಲು ಕೆಳಗಿಳೀತಿದೆ! ಇಂಟೆಲ್ ತಪ್ಪೊಪ್ಪಿಕೊಳ್ಳದೆ, ಆದ್ರೆ ಜಗಳವನ್ನೂ ಆಡದೆ, ಕಮಿಷನ್ನಿನ ಶಿಫಾರಸನ್ನ ಒಪ್ಪಿಕೊಳ್ತು.

ಅಮೆರಿಕದ ಡೆಲ್ ಕತೆ ಇನ್ನೂ ಸ್ವಾರಸ್ಯ. ಅಲ್ಲಿನ ಷೇರುಪೇಟೆ ನಿಯಂತ್ರಕ ಸಂಸ್ಥೆ ಎಸ್‌ಇಸಿ 2010ರ ಜುಲೈನಲ್ಲಿ ಡೆಲ್ ಮೇಲೆ ಮಾಡಿದ ಆರೋಪ ಇದು: ಎಎಂಡಿ ಚಿಪ್ಪು ಮುಟ್ಟದೇ ಇದ್ದದ್ದಕ್ಕೆ ಇಂಟೆಲ್‌ನಿಂದ ಬರ್ತಿದ್ದ ದುಡ್ಡು, 2003ರ ಹಣಕಾಸು ವರ್ಷದಲ್ಲಿ ಡೆಲ್‌ನ ಆಪರೇಟಿಂಗ್ ಲಾಭದ ಶೇ. 10ರಷ್ಟಿತ್ತು. 2006ರಲ್ಲಿ ಶೇ. 38. 2007ರ ಹಣಕಾಸು ವರ್ಷದ ಮೊದಲ ತ್ರೈಮಾಸಿಕದಲ್ಲಿ ಶೇ. 76! ಜಗತ್ತಿನ ದೊಡ್ಡ ಪಿಸಿ ಕಂಪನಿಯೊಂದರ ಲಾಭದ ನಾಲ್ಕರಲ್ಲಿ ಮೂರು ಪಾಲು, ತಾನು ಮಾಡಿದ ವ್ಯಾಪಾರಕ್ಕಲ್ಲ, ಮಾಡದೇ ಬಿಟ್ಟ ವ್ಯಾಪಾರಕ್ಕೆ. ಈ ದುಡ್ಡಿನ ವಿಷಯವನ್ನ ಹೂಡಿಕೆದಾರರಿಂದ ಮುಚ್ಚಿಟ್ಟ ಆರೋಪಕ್ಕೆ ಡೆಲ್ 10 ಕೋಟಿ ಡಾಲರ್ ಕಟ್ಟಿ, ತಪ್ಪು ಮಾಡಿದ್ದೇವೆ ಅಂತಲೂ ಅನ್ನದೆ ಇಲ್ಲ ಅಂತಲೂ ಅನ್ನದೆ ರಾಜಿ ಮಾಡಿಕೊಳ್ತು.

ಇಲ್ಲಿಯವರೆಗೂ ಹೇಳಿದ್ದು ಮಾರಾಟದವರ ಆಟ. ನಮ್ಮ ಕಸುಬಿನವರದೂ ಒಂದಿದೆ, ಅದನ್ನ ಓದಿದಾಗ ನನಗೆ ಹೆಚ್ಚು ಕಸಿವಿಸಿ ಆದದ್ದು. ಪ್ರತಿ ಪ್ರೊಸೆಸರ್ ಒಳಗೂ ಹನ್ನೆರಡು ಅಕ್ಷರದ ಒಂದು ಹೆಸರು ಇರುತ್ತೆ. ಇಂಟೆಲ್‌ನದು "ಜೆನ್ಯುಯಿನ್‌ಇಂಟೆಲ್", ಎಎಂಡಿಯದು "ಅಥೆಂಟಿಕ್‌ಎಎಂಡಿ". (ಇಂಗ್ಲಿಷಿನಲ್ಲಿ ಎಣಿಸಿ ನೋಡಿ, ಸರಿಯಾಗಿ ಹನ್ನೆರಡು.) ಇಂಟೆಲ್‌ನ ಕಂಪೈಲರ್‌ನಿಂದ ಕಟ್ಟಿದ ಪ್ರೋಗ್ರಾಮು ಓಡೋಕೆ ಶುರುವಾದಾಗ ಈ ಹೆಸರನ್ನ ಕೇಳ್ತಿತ್ತು. ಇಂಟೆಲ್ ಅಂದ್ರೆ ವೇಗದ ದಾರಿ. ಬೇರೆ ಹೆಸರು ಬಂದ್ರೆ, ಆ ಚಿಪ್ಪಿಗೆ ಅದೇ ವೇಗದ ಸೂಚನೆಗಳನ್ನ ನಡೆಸೋ ಶಕ್ತಿ ಇದ್ರೂ, ನಿಧಾನದ ದಾರಿ. ಯೋಗ್ಯತೆ ಕೇಳೋದಲ್ಲ, ಮನೆತನ ಕೇಳೋದು! ಪ್ರೋಗ್ರಾಮು ಬರೆದವನಿಗೂ ಇದು ಗೊತ್ತಿಲ್ಲದೇ ಇರಬಹುದು, ಓಡಿಸಿದವನಿಗಂತೂ ಗೊತ್ತಾಗೋದೇ ಇಲ್ಲ. ಅವನು ನೋಡೋದು ಒಂದೇ: ಎಎಂಡಿ ಯಾಕೋ ನಿಧಾನ ಕಣ್ರೀ.

2009ರ ಡಿಸೆಂಬರ್‌ನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇಂಟೆಲ್ ಮೇಲೆ ಹಾಕಿದ ಕೇಸಿನಲ್ಲಿ ಈ ವಿಷಯವೂ ಇತ್ತು. 2010ರ ಆಗಸ್ಟ್‌ನಲ್ಲಿ ಆದ ರಾಜಿಯ ಪ್ರಕಾರ, ಕಂಪೈಲರ್ ಬೇರೆ ಚಿಪ್ಪುಗಳಿಗೆ ಅಷ್ಟೇ ಚೆನ್ನಾಗಿ ಕೆಲಸ ಮಾಡದೇ ಇರಬಹುದು ಅಂತ ಇಂಟೆಲ್ ಎಲ್ಲರಿಗೂ ಹೇಳಬೇಕಾಯ್ತು. ಬೇರೆ ಕಂಪೈಲರ್‌ನಿಂದ ಪ್ರೋಗ್ರಾಮನ್ನ ಮತ್ತೆ ಕಟ್ಟಿಕೊಳ್ಳೋರಿಗೆ 1 ಕೋಟಿ ಡಾಲರ್‌ನ ನಿಧಿಯನ್ನೂ ಇಡಬೇಕಾಯ್ತು. ಒಳ್ಳೇದೇ. ಆದ್ರೆ ಅಷ್ಟು ವರ್ಷ ಪತ್ರಿಕೆಗಳಲ್ಲಿ ಬಂದ ಬೆಂಚ್‌ಮಾರ್ಕುಗಳನ್ನ ಯಾರು ವಾಪಸ್ ತೊಗೊಳ್ತಾರೆ?

ಇನ್ನು ಕೋರ್ಟಿನ ಕತೆ. ಇದನ್ನ ನನ್ನ ವಯಸ್ಸಿನ ಲೆಕ್ಕದಲ್ಲಿ ಹೇಳ್ತೀನಿ, ಆಗಲೇ ಅದರ ಉದ್ದ ಗೊತ್ತಾಗೋದು. ಎಎಂಡಿ ಡೆಲವೇರ್‌ನಲ್ಲಿ ಕೇಸು ಹಾಕಿದಾಗ, ಯುರೋಪಿಯನ್ ಕಮಿಷನ್ ಇಂಟೆಲ್ ಕಚೇರಿಗಳಿಗೆ ದಾಳಿ ಇಟ್ಟಾಗ, ನಾನು ಎರಡನೇ ಕ್ಲಾಸು. 2009ರ ಮೇ 13ರಂದು ಕಮಿಷನ್ 106 ಕೋಟಿ ಯೂರೋ ದಂಡ ಹಾಕಿದಾಗ ಐದನೇ ಕ್ಲಾಸು ಮುಗಿಸಿ ಬೇಸಿಗೆ ರಜೆಯಲ್ಲಿದ್ದೆ. ಒಂದು ಕಂಪನಿಗೆ ಅಲ್ಲಿಯವರೆಗೆ ಕಮಿಷನ್ ಹಾಕಿದ್ದ ದಂಡಗಳಲ್ಲೆಲ್ಲಾ ಅದೇ ದೊಡ್ಡದು. ಇಂಟೆಲ್ ಮೇಲಿನ ಕೋರ್ಟಿಗೆ ಹೋಯ್ತು. 2014ರ ಜೂನ್‌ನಲ್ಲಿ ಜನರಲ್ ಕೋರ್ಟು ದಂಡ ಸರಿ ಅಂದಾಗ ನಾನು ಫಸ್ಟ್ ಪಿಯುಸಿ. 2017ರ ಸೆಪ್ಟೆಂಬರ್‌ನಲ್ಲಿ ಅದಕ್ಕೂ ಮೇಲಿನ ಕೋರ್ಟು "ಲೆಕ್ಕವನ್ನ ಸರಿಯಾಗಿ ಪರಿಶೀಲಿಸಿಲ್ಲ, ಮತ್ತೆ ನೋಡಿ" ಅನ್ನೋ ಅರ್ಥದಲ್ಲಿ ಕೇಸನ್ನ ವಾಪಸ್ ಕಳಿಸಿದಾಗ ಇಂಜಿನಿಯರಿಂಗ್ ಮೂರನೇ ಸೆಮಿಸ್ಟರ್. 2022ರ ಜನವರಿಯಲ್ಲಿ ಜನರಲ್ ಕೋರ್ಟು ರಿಬೇಟಿನ ಭಾಗವನ್ನ ತೆಗೆದುಹಾಕಿ ದಂಡ ಪೂರ್ತಿ ರದ್ದು ಮಾಡಿದಾಗ ನಾನು ಕೆಲಸಕ್ಕೆ ಸೇರಿಯಾಗಿತ್ತು. 2024ರ ಅಕ್ಟೋಬರ್‌ನಲ್ಲಿ ಕಮಿಷನ್ನಿನ ಮೇಲ್ಮನವಿಯೂ ವಜಾ ಆಯ್ತು.

ನ್ಯಾಯವಾಗಿ ಹೇಳಬೇಕು ಅಂದ್ರೆ, ಕೋರ್ಟು ರಿಬೇಟು ಒಳ್ಳೇದು ಅಂತೇನೂ ಅನ್ನಲಿಲ್ಲ. ಅದು ಕೇಳಿದ್ದು ನಾನು ಮೇಲೆ ಹಾಕಿದಂಥ ಲೆಕ್ಕವನ್ನೇ. ಇಂಟೆಲ್‌ನಷ್ಟೇ ಸಮರ್ಥನಾದ ಎದುರಾಳಿ ಆ ರಿಬೇಟಿನ ಮುಂದೆ ನಷ್ಟವಿಲ್ಲದೆ ನಿಲ್ಲಬಹುದಿತ್ತಾ? ಕಮಿಷನ್ ಹಾಕಿದ ಲೆಕ್ಕದಲ್ಲಿ ತೂತುಗಳಿವೆ, ಸಾಬೀತಾಗಿಲ್ಲ ಅಂತ ಕೋರ್ಟಿನ ತೀರ್ಪು. ಉಳಿದದ್ದು ಇನ್ನೊಂದು ಆರೋಪ: ಎಚ್‌ಪಿ, ಏಸರ್, ಲೆನೊವೊ ಎಎಂಡಿ ಚಿಪ್ಪಿನ ಕೆಲವು ಕಂಪ್ಯೂಟರುಗಳ ಬಿಡುಗಡೆಯನ್ನ ತಡಮಾಡೋಕೆ, ನಿಲ್ಲಿಸೋಕೆ, ಇಲ್ಲಾ ಮಾರಾಟದ ದಾರಿಗಳನ್ನ ಕಟ್ಟಿಹಾಕೋಕೆ ಇಂಟೆಲ್ ದುಡ್ಡು ಕೊಟ್ಟದ್ದು. ಅದಕ್ಕೆ 2023ರ ಸೆಪ್ಟೆಂಬರ್‌ನಲ್ಲಿ ಕಮಿಷನ್ ಮತ್ತೆ ಸುಮಾರು 37.6 ಕೋಟಿ ಯೂರೋ ದಂಡ ಹಾಕಿತು. ಅದನ್ನೂ ಇಂಟೆಲ್ ಕೋರ್ಟಿಗೆ ಒಯ್ತು. ಇಷ್ಟರ ಮಧ್ಯೆ, ಕಟ್ಟಿದ್ದ ಹಳೇ ದಂಡಕ್ಕೆ ಬಡ್ಡಿ ಕೊಡಿ ಅಂತ 2022ರಲ್ಲಿ 59.3 ಕೋಟಿ ಯೂರೋಗೆ ಕಮಿಷನ್ ಮೇಲೇ ಕೇಸು ಹಾಕಿತ್ತು. ದಂಡ ಹಾಕಿದವನೇ ಬಡ್ಡಿಯ ಬಾಕಿದಾರ!

ಇಲ್ಲಿ ಕಾನೂನು ಗೆದ್ದಿತೋ ಸೋತಿತೋ ಅನ್ನೋದು ನನ್ನ ಪ್ರಶ್ನೆ ಅಲ್ಲ. ಇಂಟೆಲ್ ಗೆದ್ದಿದ್ರೂ ಸೋತಿದ್ರೂ ಒಂದು ವಿಷಯ ಬದಲಾಗ್ತಿರಲಿಲ್ಲ. ಈ ಉದ್ಯಮದಲ್ಲಿ ಆಟ ಮುಗಿಯೋಕೆ ಎರಡು ಮೂರು ವರ್ಷ ಸಾಕು. ತೀರ್ಪಿಗೆ ಇಪ್ಪತ್ತು ವರ್ಷ.

ಯಾಕೆ ಎರಡು ಮೂರು ವರ್ಷ ಸಾಕು ಅಂದ್ರೆ, ಚಿಪ್ಪಿನ ವ್ಯಾಪಾರ ಬೇಸಾಯದ ಹಾಗೆ. ಈ ಬೆಳೆಯ ದುಡ್ಡೇ ಮುಂದಿನ ಬೆಳೆಯ ಬೀಜ. ಹೊಸ ಫ್ಯಾಬ್, ಅಂದ್ರೆ ಚಿಪ್ಪು ತಯಾರಿಸೋ ಕಾರ್ಖಾನೆ, ಕಟ್ಟೋಕೆ ನೂರಾರು ಕೋಟಿ ಡಾಲರ್ ಬೇಕು. ಅದು ಬರೋದು ಒಳ್ಳೇ ಚಿಪ್ಪು ಕೈಲಿದ್ದ ವರ್ಷಗಳ ಲಾಭದಿಂದ. ಎಎಂಡಿಗೆ ಅಂಥ ವರ್ಷ ಬಂದದ್ದು 2003ರಿಂದ 2006. ಬಿತ್ತನೆಗೆ ಮಳೆ ಬಂದಾಗ ಹೊಲಕ್ಕೆ ಹೋಗೋ ದಾರಿಗೆ ಬೇಲಿ ಹಾಕಿದ್ರೆ, ಮುಂದಿನ ವರ್ಷ ಬೇಲಿ ಕಿತ್ತು ಏನು ಪ್ರಯೋಜನ?

ಎಎಂಡಿ ತಾನೂ ಕಡಿಮೆ ಎಡವಟ್ಟು ಮಾಡಲಿಲ್ಲ. 2006ರಲ್ಲಿ 540 ಕೋಟಿ ಡಾಲರ್ ಸುರಿದು ಎಟಿಐ ಕೊಂಡು ಸಾಲ ಮೈಮೇಲೆ ಎಳ್ಕೊಳ್ತು. ಅದೇ ವರ್ಷ ಇಂಟೆಲ್ ಕೋರ್ 2 ಅನ್ನೋ ನಿಜವಾಗಲೂ ಒಳ್ಳೇ ಚಿಪ್ಪು ತಂದು ಗುಣದಲ್ಲೇ ಮುಂದೆ ಹೋಯ್ತು. 2011ರಲ್ಲಿ ಎಎಂಡಿ ತಂದ ಬುಲ್‌ಡೋಜರ್ ಮುಗ್ಗರಿಸಿತು. ಇದ್ಯಾವುದಕ್ಕೂ ಇಂಟೆಲ್ ಕಾರಣ ಅಲ್ಲ. ರಿಬೇಟು ಇಲ್ಲದಿದ್ರೆ ಎಎಂಡಿ ದೊರೆ ಆಗಿಬಿಡ್ತಿತ್ತು ಅಂತ ನಾನು ಹೇಳ್ತಿಲ್ಲ. ಎಡವಿದಾಗ ತಡ್ಕೊಳ್ಳೋಕೆ ಕಣಜದಲ್ಲಿ ಇರಬೇಕಾದ ಕಾಳು ಇರಲಿಲ್ಲ ಅಂತಿದ್ದೀನಿ, ಅಷ್ಟೇ. ಎಎಂಡಿ ಸ್ಥಾಪಕರಲ್ಲಿ ಒಬ್ಬರಾದ ಜೆರ್ರಿ ಸ್ಯಾಂಡರ್ಸ್, ಗಂಡಸಾದವನಿಗೆ ಸ್ವಂತ ಫ್ಯಾಬ್ ಇರಬೇಕು ಅನ್ನೋ ಅರ್ಥದ ಮಾತಿಗೆ ಹೆಸರಾದವರು. ಆ ಕಂಪನಿ 2009ರ ಮಾರ್ಚ್‌ನಲ್ಲಿ ತನ್ನ ಫ್ಯಾಬ್‌ಗಳನ್ನೆಲ್ಲಾ ಅಬುಧಾಬಿಯ ಬಂಡವಾಳದ ಗ್ಲೋಬಲ್‌ಫೌಂಡ್ರೀಸ್‌ಗೆ ಬಿಟ್ಟುಕೊಡ್ತು. ಯುರೋಪಿನ ದಂಡ ಬಂದದ್ದು ಅದಾಗಿ ಎರಡು ತಿಂಗಳಿಗೆ. ಅದೇ ನವೆಂಬರ್‌ನಲ್ಲಿ ಇಂಟೆಲ್ 125 ಕೋಟಿ ಡಾಲರ್ ಕೊಟ್ಟು ಎಎಂಡಿ ಜೊತೆಗಿನ ಜಗಳವನ್ನೆಲ್ಲಾ ಮುಗಿಸಿಕೊಳ್ತು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ್ರು ಅಂತಾರಲ್ಲ, ಇದೇ.

ಇದರಲ್ಲಿ ನಮ್ಮದೇನು ಹೋಯ್ತು? ಎರಡು ಅಮೆರಿಕನ್ ಕಂಪನಿಗಳ ಜಗಳ, ನಮಗ್ಯಾಕೆ ಅನ್ನಿಸಬಹುದು. 2007ರ ಜನವರಿಯಲ್ಲಿ ಇಂಟೆಲ್ ಕೋರ್ 2 ಕ್ವಾಡ್ ಕ್ಯೂ6600 ತಂತು. ನಾಲ್ಕು ಕೋರ್. ಹತ್ತು ವರ್ಷ ಆದಮೇಲೆ, 2017ರ ಜನವರಿಯಲ್ಲಿ ತಂದ ಕೋರ್ ಐ7 7700ಕೆ. ಎಷ್ಟು ಕೋರ್? ನಾಲ್ಕು! ಮಧ್ಯೆ ಪ್ರತಿ ಕೋರಿನ ವೇಗ ಏರಿತು, ಕರೆಂಟು ಉಳೀತು, ಅದನ್ನ ಇಲ್ಲ ಅನ್ನಲ್ಲ. ಆದ್ರೆ ಸಾಮಾನ್ಯ ಡೆಸ್ಕ್‌ಟಾಪ್ ಸಾಲಿನಲ್ಲಿ ನಾಲ್ಕು ದಾಟಲೇ ಇಲ್ಲ. ಎಂಟು ಕೋರ್ ಬೇಕು ಅಂದ್ರೆ ದುಬಾರಿ ಸಾಲಿನ ಚಿಪ್ಪಿಗೆ ಸಾವಿರ ಡಾಲರಿಗೂ ಹೆಚ್ಚು ಎಣಿಸಬೇಕಿತ್ತು. 2017ರ ಮಾರ್ಚ್‌ನಲ್ಲಿ ಎಎಂಡಿ ರೈಜನ್ 7 ತಂತು. ಎಂಟು ಕೋರ್, ಅದರಲ್ಲಿ ಎಲ್ಲಕ್ಕಿಂತ ಮೇಲಿನ 1800ಎಕ್ಸ್‌ಗೆ 499 ಡಾಲರ್. ಅದೇ ವರ್ಷದ ಅಕ್ಟೋಬರ್‌ನಲ್ಲಿ ಇಂಟೆಲ್‌ನ ಸಾಮಾನ್ಯ ಸಾಲಿನಲ್ಲೂ ಆರು ಕೋರ್ ಬಂದುಬಿಡ್ತು. ಹತ್ತು ವರ್ಷ ಬಾರದೇ ಇದ್ದದ್ದು ಏಳು ತಿಂಗಳಲ್ಲಿ ಬಂತು. ಭೌತಶಾಸ್ತ್ರವೇನೂ ಬದಲಾಗಿರಲಿಲ್ಲ, ಪಕ್ಕದಲ್ಲಿ ಇನ್ನೊಂದು ಅಂಗಡಿ ಬಾಗಿಲು ತೆಗೆದಿತ್ತು.

ಬಿಲ್ಡ್ ಮುಗಿಯೋದನ್ನ ಕಾಯ್ತಾ ಕೂತ ಗಂಟೆಗಳು, ಹೆಚ್ಚು ಬೆಲೆ ಕೊಟ್ಟು ಕೊಂಡ ಕಾಲೇಜು ಲ್ಯಾಬುಗಳು, ಇವ್ಯಾವುದಕ್ಕೂ ಯಾವ ಕೋರ್ಟಿನಲ್ಲೂ ಪರಿಹಾರ ಬರೆದಿಲ್ಲ. ದಂಡದ ದುಡ್ಡು ಯುರೋಪಿನ ಬೊಕ್ಕಸಕ್ಕೆ, ರಾಜಿಯ ದುಡ್ಡು ಎಎಂಡಿಗೆ, ಬಡ್ಡಿಯ ಕೇಸು ಇಂಟೆಲ್‌ದು. ಕೊಳ್ಳೋನ ಕೈಗೆ ಬಂದದ್ದು ಚಿಪ್ಪು, ಅದೂ ತೆಂಗಿನಕಾಯಿಯದು.

"ಕೊನೆಗೆ ಎಎಂಡಿ ಎದ್ದು ಬಂತಲ್ಲ, ಮಾರುಕಟ್ಟೆ ತನ್ನನ್ನ ತಾನೇ ಸರಿಮಾಡ್ಕೊಳ್ತು" ಅನ್ನೋ ವಾದ ಕೇಳಿದ್ದೀನಿ. ಎದ್ದು ಬಂದದ್ದು ನಿಜ. 2014ರಲ್ಲಿ ಲೀಸಾ ಸೂ ಮುಖ್ಯಸ್ಥೆ ಆದರು, ಝೆನ್ ವಿನ್ಯಾಸ ಗೆದ್ದಿತು, ತೈವಾನಿನ ಟಿಎಸ್‌ಎಂಸಿ ಎಲ್ಲರಿಗೂ ಬಾಡಿಗೆ ಫ್ಯಾಬ್ ಆಗಿ ಬೆಳೆದಿತ್ತು, ಅದೇ ಸಮಯಕ್ಕೆ ಇಂಟೆಲ್ ತನ್ನ 10 ನ್ಯಾನೋಮೀಟರ್ ತಂತ್ರಜ್ಞಾನದಲ್ಲಿ ವರ್ಷಗಟ್ಟಲೆ ಸಿಕ್ಕಿಹಾಕ್ಕೊಂಡಿತ್ತು. ಇಷ್ಟೆಲ್ಲಾ ಒಟ್ಟಿಗೆ ಕೂಡಿಬರಬೇಕಾಯ್ತು. ಇದನ್ನ ನಿಯಮ ಅನ್ನೋಕಾಗಲ್ಲ, ಅದೃಷ್ಟ ಅನ್ನಬಹುದು. 2002-03ರ ಜಪಾನ್ ಲೆಕ್ಕದಲ್ಲಿ ಎಎಂಡಿ ಜೊತೆಗಿದ್ದ ಟ್ರಾನ್ಸ್‌ಮೆಟಾ ಹೆಸರು ಇವತ್ತು ಎಷ್ಟು ಜನಕ್ಕೆ ನೆನಪಿದೆ? ಎದ್ದು ಬಂದವರ ಕತೆ ಹೇಳೋಕೆ ಅವರಾದ್ರೂ ಇರ್ತಾರೆ.

ಇನ್ನೊಂದು ಮಾತು. ಎದುರಾಳಿ ಇಲ್ಲದ ಆ ವರ್ಷಗಳಿಂದ ಇಂಟೆಲ್‌ಗಾದ್ರೂ ಒಳ್ಳೇದಾಯ್ತಾ? ಗರಡಿಯಲ್ಲಿ ಜೋಡಿ ಇಲ್ಲದ ಪೈಲ್ವಾನನಿಗೆ ಮೈ ಬರುತ್ತೆ, ಪಟ್ಟು ಮರೆತುಹೋಗುತ್ತೆ. 2025ರ ಆಗಸ್ಟ್‌ನಲ್ಲಿ ಅಮೆರಿಕ ಸರ್ಕಾರವೇ ಇಂಟೆಲ್‌ನ ಸುಮಾರು ಶೇ. 10ರಷ್ಟು ಪಾಲು ತೊಗೊಳ್ತು, ಸೆಪ್ಟೆಂಬರ್‌ನಲ್ಲಿ ಎನ್‌ವಿಡಿಯಾ 500 ಕೋಟಿ ಡಾಲರ್ ಹಾಕ್ತೀನಿ ಅಂತು. ಒಂದು ಕಾಲಕ್ಕೆ ಎದುರಾಳಿಯನ್ನ ದೂರ ಇಡೋಕೆ ದುಡ್ಡು ಹಂಚುತ್ತೆ ಅನ್ನೋ ಆರೋಪ ಹೊತ್ತಿದ್ದ ಕಂಪನಿಗೆ ತಾನೇ ಆಸರೆ ಹುಡುಕೋ ಕಾಲ ಬಂತು.

ಹಾಗಾದ್ರೆ ಏನು ಮಾಡಬೇಕು? ದಂಡ ಜಾಸ್ತಿ ಮಾಡಿ ಅನ್ನೋದು ಸುಲಭದ ಉತ್ತರ. ನನಗೆ ಅದರಲ್ಲಿ ನಂಬಿಕೆ ಇಲ್ಲ. ಆ್ಯಪಲ್ ಬೇರೆಯವರ ಚಿಪ್ಪು ತೊಗೊಳ್ಳದ ಹಾಗೆ ದುಡ್ಡು ಕೊಟ್ಟಿತು ಅಂತ ಕ್ವಾಲ್‌ಕಾಮ್‌ಗೆ ಯುರೋಪಿಯನ್ ಕಮಿಷನ್ 2018ರಲ್ಲಿ 99.7 ಕೋಟಿ ಯೂರೋ ದಂಡ ಹಾಕಿತು. 2022ರಲ್ಲಿ ಅದೂ ರದ್ದಾಯ್ತು. ಅದೇ ಸಿನಿಮಾ, ಬೇರೆ ಹೀರೋ.

ಬೇಕಾಗಿರೋದು ದೊಡ್ಡ ಕೋಲಲ್ಲ, ಬೇಗ ಬೀಳೋ ಕೋಲು. ಅದಕ್ಕೂ ಉದಾಹರಣೆ ಇದೆ. ಟೀವಿ ಸೆಟ್‌ಟಾಪ್ ಬಾಕ್ಸ್ ಮತ್ತು ಮೋಡೆಮ್ ಚಿಪ್ಪುಗಳಿಗೆ ಬ್ರಾಡ್‌ಕಾಮ್ ಹಾಕ್ತಿದ್ದ "ನನ್ನ ಹತ್ರವೇ ತೊಗೋಬೇಕು" ಥರದ ಷರತ್ತುಗಳ ಬಗ್ಗೆ ಅದೇ ಕಮಿಷನ್ 2019ರ ಜೂನ್‌ನಲ್ಲಿ ತನಿಖೆ ಶುರುಮಾಡಿತು. ಅಕ್ಟೋಬರ್‌ನಲ್ಲಿ, ನಾಲ್ಕೇ ತಿಂಗಳಿಗೆ, ಅಂತಿಮ ತೀರ್ಪಿಗೆ ಕಾಯದೆ ಆ ಷರತ್ತುಗಳನ್ನ ನಿಲ್ಲಿಸಿ ಅಂತ ಮಧ್ಯಂತರ ಆದೇಶ ಕೊಟ್ಟಿತು. ಮಾರನೇ ಅಕ್ಟೋಬರ್ ಹೊತ್ತಿಗೆ ಬ್ರಾಡ್‌ಕಾಮ್ ಇನ್ಮೇಲೆ ಹಾಗೆ ಮಾಡಲ್ಲ ಅಂತ ಬರೆದುಕೊಟ್ಟು ಕೇಸು ಮುಗೀತು. ಒಂದು ರೂಪಾಯಿ ದಂಡ ಇಲ್ಲ, ಪೇಪರಿನಲ್ಲಿ ದೊಡ್ಡ ಹೆಡ್‌ಲೈನೂ ಇಲ್ಲ. ನನ್ನ ಮಟ್ಟಿಗೆ 106 ಕೋಟಿ ಯೂರೋ ದಂಡಕ್ಕಿಂತ ಇದೇ ದೊಡ್ಡ ಕೆಲಸ.

ನಮ್ಮಲ್ಲೂ ಕಾನೂನಿದೆ. ನಮ್ಮ ಸ್ಪರ್ಧಾ ಕಾಯ್ದೆಯ ಈ ಥರದ ದುರ್ಬಳಕೆ ತಡೆಯೋ ಕಲಮುಗಳು ಜಾರಿಗೆ ಬಂದದ್ದು 2009ರ ಮೇ 20ಕ್ಕೆ, ಯುರೋಪಿನ ಆ ದಂಡ ಬಿದ್ದ ಸರಿಯಾಗಿ ಒಂದು ವಾರಕ್ಕೆ. ಬೆಂಗಳೂರಿನ ವೆಲಂಕಣಿ ಎಲೆಕ್ಟ್ರಾನಿಕ್ಸ್, ಸರ್ವರ್ ಬೋರ್ಡು ಮಾಡೋಕೆ ಬೇಕಾದ ವಿನ್ಯಾಸದ ಫೈಲುಗಳನ್ನ ಇಂಟೆಲ್ ಪೂರ್ತಿ ಕೊಡ್ತಿಲ್ಲ ಅಂತ ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟಿತ್ತು. 2018ರ ನವೆಂಬರ್‌ನಲ್ಲಿ ಆಯೋಗ ತನಿಖೆಗೆ ಆದೇಶಿಸಿತು. ತನಿಖೆಗೆ ಆದೇಶ ಅಂದ್ರೆ ತಪ್ಪು ಸಾಬೀತು ಅಂತಲ್ಲ, ಯಾರು ಸರಿ ಅಂತ ನಾನು ತೀರ್ಪು ಕೊಡೋಕೆ ಹೋಗಲ್ಲ. ಆದ್ರೆ ಸರ್ವರ್ ಬೋರ್ಡಿನ ಆಯಸ್ಸು ಎಷ್ಟು? ಮುಂದಿನ ಪ್ರೊಸೆಸರ್ ಬರೋವರೆಗೆ. ಅಷ್ಟರೊಳಗೆ ಹೌದು ಇಲ್ಲಾ ಅಲ್ಲ ಅನ್ನೋ ಉತ್ತರ ಸಿಗದೇ ಹೋದ್ರೆ, ಆಮೇಲೆ ಬರೋ ಉತ್ತರ ಚರಿತ್ರೆಯ ಪುಸ್ತಕಕ್ಕೆ ಮಾತ್ರ. ನಮ್ಮ ಕಾಯ್ದೆಯ 33ನೇ ಕಲಮಿನಲ್ಲಿ ಆಯೋಗಕ್ಕೆ ಮಧ್ಯಂತರ ಆದೇಶದ ಅಧಿಕಾರ ಇದೆ. 2023ರ ತಿದ್ದುಪಡಿ ದಂಡವನ್ನ ಕಂಪನಿಯ ಜಾಗತಿಕ ವಹಿವಾಟಿನ ಲೆಕ್ಕದಲ್ಲಿ ಹಾಕೋಕೆ ದಾರಿ ಮಾಡಿತು. ಕೋಲು ದಪ್ಪ ಆಯ್ತು. ಬೇಗ ಬೀಳುತ್ತಾ ಅನ್ನೋದೇ ಪ್ರಶ್ನೆ.

ನಮ್ಮ ಕೈಲಿರೋದೂ ಸ್ವಲ್ಪ ಇದೆ. ಆಫೀಸು, ಕಾಲೇಜು, ಸರ್ಕಾರಿ ಇಲಾಖೆಗಳಿಗೆ ಕಂಪ್ಯೂಟರ್ ಕೊಳ್ಳುವಾಗ ಬೇಕಾದ್ದೇನು ಅಂತ ಪಟ್ಟಿ ಬರೆದುಕೊಡೋರು ಬಹಳ ಸಲ ನಮ್ಮಂಥ ಇಂಜಿನಿಯರುಗಳೇ. ಅಲ್ಲಿ ಬ್ರ್ಯಾಂಡಿನ ಹೆಸರು ಬರೆದು ಪಕ್ಕದಲ್ಲಿ "ಅಥವಾ ತತ್ಸಮಾನ" ಅಂತ ಸೇರಿಸಿ ಕೈತೊಳ್ಕೊಳ್ಳೋ ಬದಲು, ಎಷ್ಟು ಕೋರ್, ಯಾವ ಕೆಲಸಕ್ಕೆ ಎಷ್ಟು ವೇಗ ಅಂತ ಬರೆಯಬಹುದು. ಟೆಂಡರುಗಳಲ್ಲಿ ನೇರವಾಗಿ ಇಂಟೆಲ್ ಅಂತ ಬರೆದದ್ದಕ್ಕೆ 2004ರಲ್ಲೇ ಯುರೋಪಿಯನ್ ಕಮಿಷನ್ ಜರ್ಮನಿ, ಇಟಲಿಯಂಥ ದೇಶಗಳನ್ನ ಪ್ರಶ್ನಿಸಿತ್ತು. ಇನ್ನು ಕೋಡು ಬರೆಯುವಾಗ, ಚಿಪ್ಪಿಗೆ "ನೀನು ಯಾರ ಮಗ" ಅಂತ ಕೇಳದೆ "ನಿನಗೇನು ಬರುತ್ತೆ" ಅಂತ ಕೇಳೋ ಕೋಡು ಬರೆಯೋಣ. ಅದಕ್ಕೆ ಯಾವ ಆಯೋಗದ ಆದೇಶವೂ ಬೇಕಿಲ್ಲ.

ನಾಳೆ ಇದೇ ಆಟವನ್ನ ಇನ್ಯಾವ ಕಂಪನಿ ಆಡುತ್ತೋ ಗೊತ್ತಿಲ್ಲ. ಎಎಂಡಿಯೇ ಆಡಿದ್ರೂ ನನಗೆ ಆಶ್ಚರ್ಯ ಆಗಲ್ಲ, ಇದು ಒಳ್ಳೆಯವರು ಕೆಟ್ಟವರ ಕತೆ ಅಲ್ಲ. ಯಾರೇ ಆಗಲಿ, ಒಳ್ಳೇ ಮಾಲನ್ನ ಬಿಟ್ಟಿ ಕೊಟ್ರೂ ಕೊಳ್ಳೋರಿಲ್ಲದ ಪರಿಸ್ಥಿತಿ ಬಂದಾಗ ಅಲ್ಲೇನೋ ಎಡವಟ್ಟಾಗಿದೆ ಅಂತ ಅರ್ಥ. ಅದನ್ನ ಆ ವರ್ಷವೇ ಹೋಗಿ ನೋಡಬೇಕು. ಎರಡನೇ ಕ್ಲಾಸಿನ ಹುಡುಗ ಕೆಲಸಕ್ಕೆ ಸೇರಿದ ಮೇಲಲ್ಲ.

ನೀವೇನಂತೀರಿ?